ಜಾತ್ರೆಯಿಂದ ಸಂತೆಯನ್ನು ಓಡಿಸಬೇಡಿ ಮಾಸ್ಟ್ರೇ

ಉಡುಪಿ ಜಿಲ್ಲೆಯ ನಿವೃತ್ತ ಮಾಸ್ಟ್ರೊಬ್ಬರು ಕಾರ್ಕಳದ ಪಕ್ಕದ ಅತ್ತೂರಿನಲ್ಲಿ ಸಂತ ಲಾರೆನ್ಸರ ಜಾತ್ರೆ ಮುಗಿಸಿ ಬಂದು ನಮಗೆ ಉದ್ದದ ಪತ್ರ ಬರೆದಿದ್ದಾರೆ. ಸಂತರ ದಿನ ಇರುವುದು ಆಗಸ್ಟ್ 10ಕ್ಕೆ, ಹಾಗಿದ್ದರೂ ಜನವರಿಯಲ್ಲಿ ಹಬ್ಬ ಮಾಡುವುದು ಬರೀ ಜನ ಸೇರಿಸುವ ಲೆಕ್ಕಾಚಾರ ಅನ್ನುವುದು ಅವರ ಮೊದಲ ದೂರು. ಅಲ್ಲಿನ ಚರ್ಚಿನ, ಅಂದರೆ ಬಸಿಲಿಕಾದ, ದಾರಿಯುದ್ದಕ್ಕೂ ಬಳೆ, ಬಲೂನು, ಚರುಮುರಿ ಅಂಗಡಿಗಳ ಗದ್ದಲ, ಪ್ರಾರ್ಥನೆಗೆ ಮನಸ್ಸೇ ನಿಲ್ಲುವುದಿಲ್ಲ, ಈ ಸಂತೆಯನ್ನೆಲ್ಲ ಎರಡು ಕಿಲೋಮೀಟರ್ ಆಚೆ ಹಾಕಿಸಿ ಅನ್ನುವುದು ಎರಡನೆಯದು.

ಮಾಸ್ಟ್ರೇ, ಗದ್ದಲದ ಬಗ್ಗೆ ನೀವು ಹೇಳಿದ್ದು ಸುಳ್ಳಲ್ಲ. ಮೈಕಿನ ಕಿರುಚಾಟ ಜಾಸ್ತಿಯಾಗಿದೆ, ಪ್ಲಾಸ್ಟಿಕ್ಕಿನ ರಾಶಿ ನೋಡಿದರೆ ಸಿಟ್ಟು ಬರುತ್ತದೆ. ಅದನ್ನು ಸರಿಮಾಡಬೇಕು. ಆದರೆ ಉಳಿದದ್ದಕ್ಕೆ ನಾನು ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ.

ಮೊದಲು ತಾರೀಕಿನ ವಿಚಾರ. ಆಗಸ್ಟ್ 10 ಅಂದರೆ ನಮ್ಮಲ್ಲಿ ಆಟಿ ತಿಂಗಳು. ಹೊರಗೆ ಬಿಡದೆ ಮಳೆ, ಗದ್ದೆಯಲ್ಲಿ ಕೆಸರು, ಕೈಯಲ್ಲಿ ಕಾಸಿಲ್ಲ. ತುಳುನಾಡಿನಲ್ಲಿ ಮೇ ಕೊನೆಗೆ ಬರುವ ಪತ್ತನಾಜೆಯ ದಿನ ಕಳೆದ ಮೇಲೆ ದೈವಗಳ ಕೋಲವೂ ಇಲ್ಲ, ಜಾತ್ರೆಯೂ ಇಲ್ಲ, ಯಕ್ಷಗಾನ ಮೇಳಗಳೂ ಗೆಜ್ಜೆ ಬಿಚ್ಚುತ್ತವೆ. ಕೊಯ್ಲು ಮುಗಿದು, ದಾರಿ ಒಣಗಿ, ಬೆಳಗಿನ ಚಳಿಗೆ ಮೈ ಹಗುರಾದಾಗಲೇ ಈ ಊರಿನವರು ಮನೆಯಿಂದ ಹೊರಡುವುದು. ಕಾರ್ಕಳದ 42 ಅಡಿಯ ಬಾಹುಬಲಿಯನ್ನು ಪ್ರತಿಷ್ಠೆ ಮಾಡಿದ್ದೂ 1432ರ ಫೆಬ್ರವರಿ 13ರಂದು, ಮಳೆಗಾಲದಲ್ಲಿ ಅಲ್ಲ. ರೋಮಿನ ಸಂತರೊಬ್ಬರು ಇಲ್ಲಿಗೆ ಬಂದು ಇಲ್ಲಿನ ಗದ್ದೆಯ ಲೆಕ್ಕಕ್ಕೆ ಹೊಂದಿಕೊಂಡರು ಅಂದರೆ ಅದು ನಮಗೆ ಹೆಮ್ಮೆ ಅಲ್ವಾ? ಪಂಚಾಂಗ ಹಿಡಿದು ಅವರನ್ನು ಮಳೆಗೆ ಯಾಕೆ ತಳ್ಳುತ್ತೀರಿ?

ಈಗ ಸಂತೆ. ಲಾರೆನ್ಸ್ ಯಾರು ಅಂತ ನೀವು ಮಕ್ಕಳಿಗೆ ಹೇಳಿಕೊಟ್ಟವರು, ನಿಮಗೆ ನಾನು ಹೇಳಬೇಕಾಗಿಲ್ಲ. ಆದರೂ ನೆನಪಿಸುತ್ತೇನೆ. 258ರಲ್ಲಿ ರೋಮಿನಲ್ಲಿ ವಲೇರಿಯನ್ ಚಕ್ರವರ್ತಿಯ ಕಾಲ. ಚರ್ಚಿನ ಹಣಕಾಸು, ಬಡವರ ದಾನಧರ್ಮ ಎಲ್ಲ ನೋಡಿಕೊಳ್ಳುತ್ತಿದ್ದ ಡೀಕನ್ ಈತ. ಸಂಪತ್ತನ್ನೆಲ್ಲ ತಂದೊಪ್ಪಿಸು ಎಂದು ಅಧಿಕಾರಿ ಆಜ್ಞೆ ಮಾಡಿದಾಗ ಇದ್ದದ್ದನ್ನೆಲ್ಲ ಹಂಚಿಬಿಟ್ಟು, ಕುಂಟರು, ಕುರುಡರು, ವಿಧವೆಯರು, ತಿರುಕರನ್ನು ಸಾಲಾಗಿ ಕರೆತಂದು, ಇವರೇ ನಮ್ಮ ಸಂಪತ್ತು ಎಂದನಂತೆ. ಅದಕ್ಕೆ ಅವನನ್ನು ಕಾದ ಕಬ್ಬಿಣದ ಜಾಲರಿಯ ಮೇಲೆ ಸುಟ್ಟರು ಎಂದು ಪರಂಪರೆ ಹೇಳುತ್ತದೆ. ಅಡುಗೆಯವರು ಅವನನ್ನು ತಮ್ಮ ಪಾಲಕ ಸಂತ ಅನ್ನುವುದೂ ಅದರಿಂದಲೇ. ಅಂಥವನ ಬಾಗಿಲಿಂದ ಬಾಣಲೆ ಇಟ್ಟುಕೊಂಡು ಬದುಕುವವನನ್ನು ಎರಡು ಕಿಲೋಮೀಟರ್ ಆಚೆ ಕಳಿಸಬೇಕೇ?

ಜಾತ್ರೆಯಲ್ಲಿ ನಾನು ನೋಡಿದ ಒಂದು ವ್ಯಾಪಾರ ಹೇಳುತ್ತೇನೆ. ಶಂಕರಪುರ ಮಲ್ಲಿಗೆ ಮಾರುವ ಹೆಂಗಸು ಒದ್ದೆ ಬಾಳೆಎಲೆಯ ಮೇಲೆ ಬಾಳೆನಾರಿನಲ್ಲಿ ಕಟ್ಟಿದ ಹೂವಿನ ಚೆಂಡುಗಳನ್ನು ಇಟ್ಟುಕೊಂಡು ಕೂತಿದ್ದರು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಗೊತ್ತಲ್ಲ. ಕುಂಕುಮ ಇಟ್ಟ ಒಬ್ಬ ತಾಯಿ ಮಗಳ ಕೈ ಹಿಡಿದು ಬಂದು ಒಂದೇ ಚೆಂಡು ಕೊಂಡರು. ಎರಡು ಭಾಗ ಮಾಡಿ ಕೊಡಿ, ಒಂದು ಮಗಳ ಮುಡಿಗೆ, ಒಂದು ಒಳಗೆ ಸಂತರಿಗೆ ಅಂದರು. ಹೂವಿನವರು ಬಾಳೆನಾರನ್ನು ನಡುವೆ ಕತ್ತರಿಸಿ, ತುದಿ ಬಿಚ್ಚದ ಹಾಗೆ ಗಂಟು ಹಾಕಿ, ಸ್ವಲ್ಪ ಉದ್ದವಿದ್ದದ್ದನ್ನು ಸಂತರಿಗೆ ಅಂತ ಬೇರೆ ಕಟ್ಟಿಕೊಟ್ಟರು. ಇದರಲ್ಲಿ ವ್ಯಾಪಾರ ಎಲ್ಲಿಗೆ ಮುಗಿಯಿತು, ಭಕ್ತಿ ಎಲ್ಲಿಂದ ಶುರುವಾಯಿತು, ನೀವೇ ಗೆರೆ ಎಳೆದು ತೋರಿಸಿ.

ಅತ್ತೂರಿನ ಕಥೆಯೇ ಹಾಗಿದೆ. 1784ರಲ್ಲಿ ಟಿಪ್ಪುವಿನ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ ಇಲ್ಲಿನ ಕ್ರೈಸ್ತರಲ್ಲಿ ಬದುಕಿ ಉಳಿದವರು 1799ರ ನಂತರ ಊರಿಗೆ ಮರಳಿ ಮತ್ತೆ ಚರ್ಚ್ ಕಟ್ಟಿಕೊಂಡರು. ಆಮೇಲೆ ಹೊಸ ಜಾಗ ಹುಡುಕುತ್ತಾ ಸಂತರ ಸಣ್ಣ ಮರದ ಪ್ರತಿಮೆ ಹೊತ್ತು ನಡೆಯುವಾಗ ಬಾಯಾರಿ ಒಂದು ಒರತೆಯ ಹತ್ತಿರ ಕೆಳಗಿಟ್ಟರಂತೆ, ಎತ್ತಲು ಹೋದರೆ ಪ್ರತಿಮೆ ಏಳಲಿಲ್ಲವಂತೆ. ಆ ಒರತೆಯ ನೀರನ್ನು ಇವತ್ತಿಗೂ ಎಲ್ಲ ಜಾತಿಯವರೂ ಬಾಟಲಿಯಲ್ಲಿ ತುಂಬಿಕೊಂಡು ಹೋಗುತ್ತಾರೆ. ದಾರಿಹೋಕರು ನೀರು ಕುಡಿಯಲು ನಿಂತ ಜಾಗ ಅದು. 2016ರಲ್ಲಿ ಬಸಿಲಿಕಾ ಅಂತ ದೊಡ್ಡ ಗೌರವ ಸಿಕ್ಕಿತು, ಸಂತೋಷ. ಗೌರವ ಸಿಕ್ಕ ಮಾತ್ರಕ್ಕೆ ದಾರಿಹೋಕರು ಭಾರವಾಗಬಾರದು.

ನನಗೆ ಸಂಕಟವಾಗುವುದು ಇಲ್ಲಿ. ಎಲ್ಲ ಕಡೆ ಹಬ್ಬವನ್ನು ಸೋಸುವ ಕೆಲಸ ನಡೆದಿದೆ. ಒಬ್ಬರಿಗೆ ಗದ್ದಲ ಬೇಡ, ಇನ್ನೊಬ್ಬರಿಗೆ ಕೊಳಕು ಬೇಡ, ಮತ್ತೊಬ್ಬರಿಗೆ ಕೆಲವು ಮನುಷ್ಯರೇ ಬೇಡ. 2022ರಲ್ಲಿ ಇದೇ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಯಲ್ಲಿ ಮುಸ್ಲಿಮರು ಅಂಗಡಿ ಹಾಕಬಾರದು ಎಂದು ಬ್ಯಾನರ್ ಕಟ್ಟಿದರು. ತಲೆತಲಾಂತರದಿಂದ ಬಳೆ, ಆಟಿಕೆ ಹೊತ್ತು ಬರುತ್ತಿದ್ದವರು ಆ ವರ್ಷ ಬುಟ್ಟಿ ಮುಚ್ಚಿ ಮನೆಗೆ ಹೋದರು. ನಿಮ್ಮ ಪತ್ರ ಅದಲ್ಲ, ನನಗೆ ಗೊತ್ತು, ನಿಮ್ಮ ಮನಸ್ಸು ಒಳ್ಳೆಯದು. ಆದರೆ ಅಂಗಡಿಯವರು ಜಾತ್ರೆಗೆ ಹೊರಗಿನವರು ಅಂತ ಒಮ್ಮೆ ಒಪ್ಪಿಕೊಂಡರೆ, ಮುಂದೆ ಯಾರನ್ನು ಬೇಕಾದರೂ ಎಬ್ಬಿಸಬಹುದು.

ಇನ್ನು ಪ್ರಾರ್ಥನೆಯ ಮಾತು. ಐದು ದಿನದ ಜಾತ್ರೆಯಲ್ಲಿ ಭಾನುವಾರ ಬಿಟ್ಟು ಒಂದು ದಿನ ಬೆಳಗ್ಗೆ ಬೇಗ ಹೋಗಿ, ಜಾಗವೂ ಸಿಗುತ್ತದೆ, ಮೌನವೂ ಸಿಗುತ್ತದೆ. ಪತ್ರ ಬರೆಯುವ ಉತ್ಸಾಹ ನಿಮ್ಮಲ್ಲಿ ಇದ್ದೇ ಇದೆ. ಮುಂದಿನದನ್ನು ಪಂಚಾಯಿತಿಗೆ ಬರೆಯಿರಿ. ಅಂಗಡಿಯವರಿಗೆ ಕುಡಿಯುವ ನೀರು, ರಾತ್ರಿ ಮಲಗಲು ಒಂದು ಚಪ್ಪರ, ಹೆಂಗಸರಿಗೆ ಸರಿಯಾದ ಶೌಚಾಲಯ, ಕಸಕ್ಕೆ ಗಾಡಿ, ಮೈಕಿಗೆ ಮಿತಿ, ಇಷ್ಟನ್ನು ಕೇಳಿ. ಆ ಪತ್ರವನ್ನು ನಮಗೂ ಕಳಿಸಿ, ನಿಮ್ಮ ಸಹಿಯ ಕೆಳಗೆ ನನ್ನದೂ ಹಾಕುತ್ತೇನೆ.

ಸಂ.