ದೋಣಿ ಹತ್ತಿ ಓಡಿದವನನ್ನು ಕೇಳುವುದು ಯಾರ ಹತ್ತಿರ?

ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕಾಲದ ಹಾಂಗ್‌ಕಾಂಗ್ ಬಗ್ಗೆ ನಾವು ಬರೆದದ್ದನ್ನು ಓದಿ ಓದುಗರೊಬ್ಬರು ಕೇಳಿದ್ದಾರೆ: "ಚೀನಾದಲ್ಲಿ ತಪ್ಪು ಮಾಡಿದವನು ದೋಣಿ ಹತ್ತಿ ಹಾಂಗ್‌ಕಾಂಗ್ ಸೇರಿಬಿಟ್ಟರೆ ಬಚಾವಾ? ಚೀನಾದವರು ಅವನನ್ನು ಯಾರ ಹತ್ತಿರ ಕೇಳಬೇಕಿತ್ತು?"

ಬಚಾವೇನೂ ಅಲ್ಲ ಸರ್. ಬ್ರಿಟನ್ ಮತ್ತು ಚೀನಾ ಮಾಡಿಕೊಂಡ 1858ರ ಟಿಯಂಟ್ಸಿನ್ ಒಪ್ಪಂದದ 21ನೇ ಕಲಮು ಇದಕ್ಕೆಂದೇ ಇತ್ತು. ಚೀನಾದ ಅಧಿಕಾರಿಗಳು ಕ್ರಮವಾಗಿ ಕೇಳಬೇಕು, ತಪ್ಪು ಸಾಬೀತಾಗಬೇಕು, ಆಮೇಲೆ ಆಳನ್ನು ಒಪ್ಪಿಸಬೇಕು.

ಕೇಳುವ ದಾರಿ ಮಾತ್ರ ಸುತ್ತು. ಮೊದಲೆಲ್ಲ ಹಾಂಗ್‌ಕಾಂಗ್ ಗವರ್ನರೇ ಚೀನಾದಲ್ಲಿ ಬ್ರಿಟನ್ ಸರ್ಕಾರದ ಪ್ರತಿನಿಧಿ. 1859ರಲ್ಲಿ ಆ ಕೆಲಸ ಬೇರೆಯವರಿಗೆ ಹೋಯಿತು. ಆಮೇಲೆ ಗವರ್ನರು ಮತ್ತು ಪಕ್ಕದ ಚೀನೀ ನಗರ ಕ್ಯಾಂಟನ್‌ನ (ಈಗಿನ ಗುವಾಂಗ್‌ಝೌ) ವೈಸ್‌ರಾಯ್, ಅಂದರೆ ಚೀನಾದ ಚಕ್ರವರ್ತಿಯ ಪ್ರಾಂತಾಧಿಕಾರಿ, ಒಬ್ಬರಿಗೊಬ್ಬರು ಏನಾದರೂ ಹೇಳಬೇಕೆಂದರೆ, ಕೇಳಬೇಕೆಂದರೆ ಅಲ್ಲಿನ ಬ್ರಿಟಿಷ್ ಕಾನ್ಸಲ್ ಮೂಲಕವೇ ಆಗಬೇಕು. ಬೇಲಿಯಾಚೆಯ ಮನೆಯವರ ಜೊತೆ ಮಾತಾಡಲು ಮೂರನೆಯವರನ್ನು ಕರೆದ ಹಾಗೆ.

ನನಗೆ ಈ ಸುತ್ತಿಗಿಂತ 'ಸಾಬೀತಾಗಬೇಕು' ಎಂಬ ಮಾತೇ ಜಾಸ್ತಿ ಮುಖ್ಯ. ಯಾಕೆಂದರೆ ಕ್ವೊಕ್ ಆ ಸಿಂಗ್ ಎಂಬ ಕೂಲಿಯ ಕಥೆ ಇದೆ.

1870ರ ಅಕ್ಟೋಬರ್. 'ನೂವೆಲ್ ಪೆನೆಲೋಪ್' ಎಂಬ ಫ್ರೆಂಚ್ ಹಡಗು 300ರಷ್ಟು ಚೀನೀ ಕೂಲಿಗಳನ್ನು ತುಂಬಿಕೊಂಡು ಪೋರ್ಚುಗೀಸರ ಕೈಯಲ್ಲಿದ್ದ ಮಕಾವ್‌ನಿಂದ ಪೆರು ದೇಶಕ್ಕೆ ಹೊರಟಿತು. ಎಷ್ಟೋ ಜನರನ್ನು ಮೋಸದಿಂದಲೋ ಬಲವಂತದಿಂದಲೋ ಹತ್ತಿಸಿದ್ದರು. ನಡುನೀರಿನಲ್ಲಿ ಕೂಲಿಗಳು ತಿರುಗಿಬಿದ್ದರು. ಕ್ಯಾಪ್ಟನ್ನನ್ನೂ ಕೆಲವು ನಾವಿಕರನ್ನೂ ಕೊಂದು ಹಡಗನ್ನು ಚೀನಾದ ಕರಾವಳಿಗೆ ತಿರುಗಿಸಿದರು. ಅವರಲ್ಲೊಬ್ಬನಾದ ಕ್ವೊಕ್ ಹಾಂಗ್‌ಕಾಂಗ್‌ನಲ್ಲಿ ಸಿಕ್ಕಿಬಿದ್ದ.

ಅವನನ್ನು ಚೀನಾಕ್ಕೆ ಒಪ್ಪಿಸಬೇಕಾ? ಮುಖ್ಯ ನ್ಯಾಯಮೂರ್ತಿ ಜಾನ್ ಸ್ಮೇಲ್ 1871ರಲ್ಲಿ ಅವನನ್ನು ಬಿಟ್ಟುಬಿಟ್ಟರು. ಹಿಡಿದು ತಂದ ಮನುಷ್ಯ ಬಿಡಿಸಿಕೊಳ್ಳಲು ಕೈಯೆತ್ತಿದರೆ ಅದು ಅವನ ಹಕ್ಕು ಎಂದರು. ಆ ಕಾಲದಲ್ಲಿ, ಆ ಕುರ್ಚಿಯಲ್ಲಿ ಕೂತು ಹೀಗೆ ಹೇಳಲು ಗಟ್ಟಿ ಎದೆ ಬೇಕು, ಅಲ್ವಾ? ಕಡಲ್ಗಳ್ಳತನದ ಆರೋಪ ಹೊರಿಸಿ ಮತ್ತೆ ಹಿಡಿದರು. ಸ್ಮೇಲ್ ಮತ್ತೆ ಬಿಟ್ಟರು.

ಕೇಸು ವಸಾಹತುಗಳ ಕೊನೆಯ ಮೇಲ್ಮನವಿ ನ್ಯಾಯಾಲಯವಾದ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಯಿತು. 1873ರಲ್ಲಿ ಬಂದ ತೀರ್ಪು ಸ್ಮೇಲ್ ಅವರನ್ನು ಅರ್ಧ ಒಪ್ಪಿತು. ಚೀನಾಕ್ಕೆ ಒಪ್ಪಿಸುವಂತಿಲ್ಲ, ಸರಿ. ಆದರೆ ಕಡಲ್ಗಳ್ಳತನದ ಆರೋಪದ ಮೇಲೆ ಹಿಡಿದದ್ದು ತಪ್ಪಲ್ಲ, ಎರಡನೇ ಸಲ ಬಿಡಬಾರದಿತ್ತು ಎಂದಿತು. ಈ ಎರಡನೇ ಮಾತು ನನಗಿನ್ನೂ ಒಪ್ಪಿಗೆಯಾಗಿಲ್ಲ.

ಮಕಾವ್‌ನಿಂದ ಕೂಲಿಗಳನ್ನು ಸಾಗಿಸುವುದನ್ನು ಪೋರ್ಚುಗೀಸರು 1874ರಲ್ಲಿ ನಿಲ್ಲಿಸಿದರು.

– ಸಂ.