ನಲವತ್ತು ವಾರದ ಲೆಕ್ಕ: ಹೆರಿಗೆ ದಿನಾಂಕ, ರಜೆ ಮತ್ತು ಲಸಿಕೆ

ಪ್ರಶ್ನೆ: ನನ್ನ ಸೊಸೆ ಖಾಸಗಿ ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ, ಈಗ ಗರ್ಭಿಣಿ. ಅವಳ ಕೊನೆಯ ಮುಟ್ಟು ಆರಂಭವಾದದ್ದು 2026ರ ಮಾರ್ಚ್ 9, ಸೋಮವಾರ. ಒಂಬತ್ತು ತಿಂಗಳು ಎಣಿಸಿದರೆ ಡಿಸೆಂಬರ್ 9 ಬರುತ್ತದೆ. ತಾಯಿ ಕಾರ್ಡಿನಲ್ಲಿ ಡಿಸೆಂಬರ್ 16 ಎಂದು ಬರೆದಿದ್ದಾರೆ. ಮಗನ ಮೊಬೈಲ್ ಆ್ಯಪ್ ಡಿಸೆಂಬರ್ 14 ಎನ್ನುತ್ತದೆ. ಯಾವುದು ಸರಿ? 26 ವಾರದ ಹೆರಿಗೆ ರಜೆ ಎಂದು ಮುಗಿಯುತ್ತದೆ? ಇಂತಹ ಲೆಕ್ಕವನ್ನು ಕೈಯಲ್ಲೇ ಮಾಡಲು ದಾರಿ ಇದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ನೀವು ಹೇಳಿರುವ ಮೂರು ದಿನಾಂಕಗಳಲ್ಲಿ ಯಾರೂ ಎಣಿಕೆ ತಪ್ಪಿಲ್ಲ. ಮೂರೂ ಬೇರೆ ಬೇರೆ ಅಳತೆಗಳಿಂದ ಬಂದಿವೆ, ಅಷ್ಟೆ. ವೈದ್ಯಶಾಸ್ತ್ರ ಗರ್ಭಾವಧಿಯನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಂದು ಎಣಿಸುತ್ತದೆ. ತಿಂಗಳುಗಳಲ್ಲಿ 28ರಿಂದ 31ರವರೆಗೆ ದಿನಗಳು ಇರುವುದರಿಂದ ‘ಒಂಬತ್ತು ತಿಂಗಳು’ ಎಂಬುದು ನಿಶ್ಚಿತ ಅಳತೆಯಲ್ಲ; ಮಾರ್ಚ್ 9ರಿಂದ ಡಿಸೆಂಬರ್ 9ಕ್ಕೆ ಆಗುವುದು 275 ದಿನ ಮಾತ್ರ. ತಾಯಿ ಕಾರ್ಡಿನ ದಿನಾಂಕ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದ ಪ್ರಸೂತಿ ತಜ್ಞ ಫ್ರಾಂಜ್ ನೇಗೆಲೆ ಅವರ ಹೆಸರಿನ ಸೂತ್ರದಿಂದ ಬಂದದ್ದು. ಮುಟ್ಟಿನ ಮೊದಲ ದಿನಕ್ಕೆ ಏಳು ದಿನ ಕೂಡಿಸಿ ಒಂಬತ್ತು ತಿಂಗಳು ಮುಂದೆ ಹೋಗುವುದು ಆ ಸೂತ್ರ. ಬಾಯಿಲೆಕ್ಕಕ್ಕೆ ಅದು ಬಹಳ ಅನುಕೂಲ. ಆದರೆ ನಡುವೆ ಬರುವ ತಿಂಗಳುಗಳನ್ನು ಅವಲಂಬಿಸಿ ಅದು 280ರಿಂದ 283 ದಿನಗಳವರೆಗೆ ಹಿಗ್ಗುತ್ತದೆ. ನಿಮ್ಮ ಸೊಸೆಯ ವಿಷಯದಲ್ಲಿ 282 ಆಗಿದೆ. ಆ್ಯಪ್ ನೇರವಾಗಿ 280 ದಿನ ಎಣಿಸಿದೆ.

ವಾರಗಳ ಲೆಕ್ಕಕ್ಕೆ ಕ್ಯಾಲೆಂಡರನ್ನೂ ಮೊಬೈಲನ್ನೂ ಬಿಟ್ಟು ನಡೆಯುವ ಒಂದು ದಾರಿ ಇದೆ. ನಾಲ್ಕು ವಾರವೆಂದರೆ 28 ದಿನ. ಆದ್ದರಿಂದ ನಾಲ್ಕು ವಾರ ಮುಂದೆ ಹೋದಾಗ, ನೀವು ಹೊರಟ ತಿಂಗಳಿಗೆ 31 ದಿನಗಳಿದ್ದರೆ ಮುಂದಿನ ತಿಂಗಳಲ್ಲಿ ತಾರೀಖು ಮೂರು ಕಡಿಮೆಯಾಗುತ್ತದೆ, 30 ದಿನಗಳಿದ್ದರೆ ಎರಡು ಕಡಿಮೆಯಾಗುತ್ತದೆ, 28 ದಿನಗಳ ಫೆಬ್ರವರಿಯಾದರೆ ತಾರೀಖು ಹಾಗೆಯೇ ಉಳಿಯುತ್ತದೆ. ಮಾರ್ಚ್ 9ರಿಂದ ಹೊರಡಿ: ಏಪ್ರಿಲ್ 6, ಮೇ 4, ಜೂನ್ 1. ಜೂನ್ 1ಕ್ಕೆ 28 ಕೂಡಿಸಿದರೆ ಅದೇ ತಿಂಗಳ 29 ಬರುತ್ತದೆ, ತಿಂಗಳು ದಾಟುವುದಿಲ್ಲ. ಎಡವುವುದು ಇಂತಹ ಕಡೆಯಲ್ಲೇ. ಅಲ್ಲಿಂದ ಜುಲೈ 27, ಆಗಸ್ಟ್ 24, ಸೆಪ್ಟೆಂಬರ್ 21, ಅಕ್ಟೋಬರ್ 19, ನವೆಂಬರ್ 16, ಡಿಸೆಂಬರ್ 14. ಹತ್ತು ಹೆಜ್ಜೆಗೆ ನಲವತ್ತು ವಾರ ತುಂಬಿತು. ಲೆಕ್ಕ ಸರಿಯೇ ಎಂದು ನೋಡಲು ಅದು ವಾರದ ಯಾವ ದಿನ ಎಂಬುದನ್ನು ಗಮನಿಸಿದರೆ ಸಾಕು: ಎಷ್ಟೇ ವಾರ ಕೂಡಿಸಿದರೂ ಸೋಮವಾರದಿಂದ ಹೊರಟದ್ದು ಸೋಮವಾರಕ್ಕೇ ಬರಬೇಕು. 2026ರ ಡಿಸೆಂಬರ್ 14 ಸೋಮವಾರ. ನಿಮ್ಮ 9ನೇ ತಾರೀಖೂ ಕಾರ್ಡಿನ 16ನೇ ತಾರೀಖೂ ಬುಧವಾರ. ಅವೆರಡೂ ಪೂರ್ಣ ವಾರಗಳ ಲೆಕ್ಕವಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಹಾಗೆಂದು ಡಿಸೆಂಬರ್ 14 ಎಂಬುದನ್ನು ಮುಹೂರ್ತದಂತೆ ನಂಬಿ ಕೂರಬೇಡಿ. ನಿರೀಕ್ಷಿತ ದಿನದಂದೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ; 37 ವಾರ ತುಂಬಿದ ಮೇಲೆ ಆಗುವ ಹೆರಿಗೆ ಅವಧಿಗೆ ಮುಂಚಿನದಲ್ಲ. ಈ 280 ದಿನಗಳ ಹಿಂದೆ ಒಂದು ಊಹೆಯೂ ಇದೆ: ಮುಟ್ಟಿನ ಚಕ್ರ 28 ದಿನಗಳದ್ದು, ಅಂಡ ಬಿಡುಗಡೆಯಾಗುವುದು ಸುಮಾರು 14ನೇ ದಿನ ಎಂಬುದು. ಚಕ್ರ 35 ದಿನಗಳದ್ದಾದರೆ ಗರ್ಭ ನಿಲ್ಲುವುದೇ ಒಂದು ವಾರ ತಡ, ಆಗ ದಿನಾಂಕವೂ ಅಷ್ಟೇ ಮುಂದಕ್ಕೆ ಹೋಗುತ್ತದೆ. ಆದ್ದರಿಂದಲೇ ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್‌ಗೆ ವೈದ್ಯರು ಹೆಚ್ಚು ಬೆಲೆ ಕೊಡುತ್ತಾರೆ. ಸ್ಕ್ಯಾನಿಂಗ್ ತೋರಿಸುವ ದಿನಾಂಕಕ್ಕೂ ಮುಟ್ಟಿನ ಲೆಕ್ಕಕ್ಕೂ ಒಂದು ವಾರಕ್ಕಿಂತ ಹೆಚ್ಚು ಅಂತರವಿದ್ದರೆ ಸಾಮಾನ್ಯವಾಗಿ ಸ್ಕ್ಯಾನಿಂಗ್ ದಿನಾಂಕವನ್ನೇ ಹಿಡಿಯುತ್ತಾರೆ. ಎರಡು ದಿನಗಳ ವ್ಯತ್ಯಾಸಕ್ಕೆ ನೀವು ಚಿಂತಿಸುವ ಕಾರಣವಿಲ್ಲ. ನಮ್ಮ ಹಿರಿಯರ ನವಮಾಸದ ಎಣಿಕೆಯೂ ತಳ್ಳಿಹಾಕುವಂಥದ್ದಲ್ಲ. ಒಂದು ಚಾಂದ್ರಮಾಸಕ್ಕೆ ಸುಮಾರು 29.53 ದಿನ, ಒಂಬತ್ತು ಚಾಂದ್ರಮಾಸಗಳಿಗೆ ಹತ್ತಿರ ಹತ್ತಿರ 266 ದಿನ. ಗರ್ಭ ನಿಂತ ದಿನದಿಂದ ಎಣಿಸಿದಾಗ ಬರುವ 38 ವಾರವೂ 266 ದಿನವೇ.

ಇನ್ನು ರಜೆಯ ವಿಷಯ. ಇಲ್ಲಿ ಒಂದು ದಿನ ಹೆಚ್ಚುಕಡಿಮೆಯಾದರೂ ಸಂಬಳಕ್ಕೆ ತಗಲುತ್ತದೆ, ಆದ್ದರಿಂದ ಎಚ್ಚರ ಬೇಕು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಮೂಲಕ ಈ ಸೌಲಭ್ಯ, ಅಂದರೆ ಸಂಬಳ ಸಹಿತ ರಜೆ, 26 ವಾರಗಳಿಗೆ ಏರಿತು. ಅದರಲ್ಲಿ ನಿರೀಕ್ಷಿತ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ ಎಂಟು ವಾರ. (ಈಗಾಗಲೇ ಎರಡು ಅಥವಾ ಹೆಚ್ಚು ಮಕ್ಕಳಿರುವವರಿಗೆ ಒಟ್ಟು 12 ವಾರ, ಹೆರಿಗೆಗೆ ಮುಂಚೆ ಆರು.) ಡಿಸೆಂಬರ್ 14ರಿಂದ ಎಂಟು ವಾರ ಹಿಂದೆ ಬಂದರೆ ಅಕ್ಟೋಬರ್ 19, ಸೋಮವಾರ. ಅಂದು ರಜೆ ಆರಂಭವಾದರೆ ಆ ದಿನವೂ ರಜೆಯ ಮೊದಲ ದಿನವೇ. 182ನೇ ದಿನ 2027ರ ಏಪ್ರಿಲ್ 18, ಭಾನುವಾರ. ಕೆಲಸಕ್ಕೆ ಮರಳುವುದು 19, ಸೋಮವಾರ. ವಾರಗಳನ್ನು ಕೂಡಿಸಿದಾಗ ಸಿಗುವುದು ಮರಳಬೇಕಾದ ದಿನ, ರಜೆಯ ಕೊನೆಯ ದಿನ ಅದರ ಹಿಂದಿನದು. ರಜೆಯ ಅರ್ಜಿಯಲ್ಲಿ ಈ ಎರಡನ್ನೂ ಬೇರೆ ಬೇರೆಯಾಗಿ ಬರೆಯಲು ಸೊಸೆಗೆ ಹೇಳಿ.

ವಾರವೆಂದರೆ ಭಾನುವಾರವೂ ಸೇರಿದ ಏಳು ದಿನವೇ, ಅಥವಾ ಕೆಲಸದ ಆರು ದಿನ ಮಾತ್ರವೇ? ಈ ಪ್ರಶ್ನೆ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ತಮಿಳುನಾಡಿನ ತೋಟವೊಂದರ ಕಾರ್ಮಿಕ ಮಹಿಳೆಗೆ ಆಗಿನ 12 ವಾರಗಳ ಸೌಲಭ್ಯವನ್ನು ಮಾಲೀಕರು ಭಾನುವಾರಗಳನ್ನು ಬಿಟ್ಟು 72 ದಿನಗಳಿಗೆ ಮಾತ್ರ ಕೊಟ್ಟಿದ್ದರು. ಆಕೆ 84 ದಿನಗಳಿಗೆ ಕೇಳಿದರು. 1977ರಲ್ಲಿ ನ್ಯಾಯಾಲಯ ಆಕೆಯ ಪರವಾಗಿ, ವಾರವೆಂದರೆ ಭಾನುವಾರ ಸೇರಿ ಏಳು ದಿನ ಎಂದು ತೀರ್ಪು ಕೊಟ್ಟಿತು. ಹನ್ನೆರಡು ದಿನಗಳ ಕೂಲಿಗಾಗಿ ಅಷ್ಟು ದೂರ ಸಾಗಿದ ಆ ವ್ಯಾಜ್ಯದ ಫಲ ಇಂದು ನಿಮ್ಮ ಸೊಸೆಗೂ ಸಲ್ಲುತ್ತದೆ. ರಾಜ್ಯ ಸರ್ಕಾರಿ ನೌಕರರ ನಿಯಮದಲ್ಲಿರುವುದು ವಾರಗಳಲ್ಲ, 180 ದಿನ. ನೆರೆಹೊರೆಯ ಶಿಕ್ಷಕಿಯರ ರಜೆಯೊಂದಿಗೆ ಹೋಲಿಸಿದಾಗ ಎರಡು ದಿನ ತಾಳೆಯಾಗದಿದ್ದರೆ ಕಾರಣ ಅದೇ. ಸೊಸೆಯ ಆರೋಗ್ಯ ಚೆನ್ನಾಗಿದ್ದು ವೈದ್ಯರೂ ಒಪ್ಪಿದರೆ ರಜೆಯನ್ನು ನವೆಂಬರ್ 16ರಿಂದ ಆರಂಭಿಸುವುದು ಮೇಲೆಂದು ನನ್ನ ಅಭಿಪ್ರಾಯ. ಆಗ ಮೇ 16ರವರೆಗೆ ಅವಳು ಮಗುವಿನ ಜೊತೆ ಇರಬಹುದು.

ಮಗು ಹುಟ್ಟಿದ ಮೇಲೂ ವಾರಗಳ ಲೆಕ್ಕ ಮುಂದುವರಿಯುತ್ತದೆ. ಆಗ ಎಣಿಸಬೇಕಾದದ್ದು ನಿರೀಕ್ಷಿತ ದಿನದಿಂದಲ್ಲ, ನಿಜವಾಗಿ ಹುಟ್ಟಿದ ದಿನದಿಂದ. ರಾಷ್ಟ್ರೀಯ ಲಸಿಕೆ ವೇಳಾಪಟ್ಟಿಯಲ್ಲಿ ಪೆಂಟಾವೇಲೆಂಟ್ (ಐದು ರೋಗಗಳ ವಿರುದ್ಧದ) ಲಸಿಕೆಗೆ 6, 10 ಮತ್ತು 14 ವಾರ ತುಂಬಿರಬೇಕು. ಮಗು ಡಿಸೆಂಬರ್ 14ರಂದೇ ಹುಟ್ಟಿತು ಎಂದಿಟ್ಟುಕೊಂಡರೆ ಅವು 2027ರ ಜನವರಿ 25, ಫೆಬ್ರವರಿ 22 ಮತ್ತು ಮಾರ್ಚ್ 22. ನಿಮ್ಮ ಊರಿನಲ್ಲಿ ಲಸಿಕೆ ಹಾಕುವ ದಿನ ಸೋಮವಾರವಲ್ಲದಿದ್ದರೆ ಮುಂದಿನ ಲಸಿಕೆ ದಿನಕ್ಕೆ ಕರೆದೊಯ್ಯಿರಿ, ಹಿಂದಿನದಕ್ಕಲ್ಲ. ಎರಡು ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ವಾರ ಇರಬೇಕಾದ್ದರಿಂದ ಮೊದಲನೆಯದು ತಡವಾದರೆ ಎರಡನೆಯದನ್ನು ಹಳೆಯ ಪಟ್ಟಿಯಿಂದ ಎಣಿಸಬೇಡಿ: ಜನವರಿ 28ರ ಗುರುವಾರ ಮೊದಲ ಡೋಸ್ ಹಾಕಿಸಿದ್ದರೆ ಮುಂದಿನದು ಫೆಬ್ರವರಿ 25ರ ಗುರುವಾರಕ್ಕಿಂತ ಮುಂಚೆ ಬೇಡ.