ಪ್ರತಿ ಬಾರ್‌ಗೂ (ತಾಳದ ಅಳತೆಯ ಒಂದೊಂದು ತುಂಡಿಗೂ) ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹೆಸರು ಬರೆಯುತ್ತ ಹೋದರೆ ಪಿಯಾನೋ ಕೃತಿಯ ರಚನೆ ತಾನಾಗಿ ತಿಳಿಯುತ್ತದೆಯೇ? ಕಾರ್ಡ್ ಗುರುತಿಸಲು ಯಾವ ಆ್ಯಪ್ ಬಳಸಬೇಕು?

ರಚನೆ ತಾನಾಗಿ ತಿಳಿಯುವುದಿಲ್ಲ. ಕಲಬುರಗಿಯಲ್ಲಿ ಕೀಬೋರ್ಡ್ ಕಲಿಯುತ್ತಿದ್ದಾಗ ನಾನೂ ನಿಮ್ಮಂತೆಯೇ ನಂಬಿದ್ದೆ. ಮೊಝಾರ್ಟ್ 1788ರಲ್ಲಿ ಆರಂಭಿಕರಿಗೆಂದು ಬರೆದ ಸಿ ಮೇಜರ್ (ಸಿ ಸ್ವರವೇ ಮೂಲ ಶ್ರುತಿಯಾಗಿರುವ) ಸೊನಾಟಾದ (ಹಲವು ಭಾಗಗಳ ವಾದ್ಯಕೃತಿ; ಮೊಝಾರ್ಟ್ ಕೃತಿಗಳ ಪಟ್ಟಿಯಲ್ಲಿ ಕೆ. 545) ಮೊದಲ ಭಾಗವನ್ನು ನಮ್ಮೂರಿನ ಸೂಪರ್ ಮಾರ್ಕೆಟ್ ಪ್ರದೇಶದಲ್ಲಿ ಜೆರಾಕ್ಸ್ ಮಾಡಿಸಿ, ಅದರ 73 ಬಾರ್‌ಗಳಿಗೂ ಪೆನ್ಸಿಲಿನಿಂದ ಕಾರ್ಡ್ ಹೆಸರು ಬರೆದಿದ್ದೆ. ಹೆಸರುಗಳು ಬಹುಪಾಲು ಸರಿಯಾಗಿಯೇ ಇದ್ದವು. ಆದರೂ ಹೈದರಾಬಾದಿಗೆ ಹೋಗಿ ಬರೆದ ಥಿಯರಿ ಪರೀಕ್ಷೆಯಲ್ಲಿ ಇದೇ ಕೃತಿಯ ಪ್ರಶ್ನೆಗೆ ತಪ್ಪು ಉತ್ತರ ಬರೆದು ಅನುತ್ತೀರ್ಣನಾದೆ. ಒಂದು ವರ್ಷ ಕೈಬಿಟ್ಟುಹೋಯಿತು.

ತಪ್ಪು ಒಂದೇ. ಆರಂಭದ ವಿಷಯ (ಮುಖ್ಯ ಧಾಟಿ) ಮರಳುವ ಭಾಗ, ಅಂದರೆ ರೀಕ್ಯಾಪಿಟ್ಯುಲೇಷನ್, 59ನೆಯ ಬಾರ್‌ನಲ್ಲಿ ಶುರುವಾಗುತ್ತದೆ ಎಂದು ಬರೆದಿದ್ದೆ. ಅದು ಶುರುವಾಗುವುದು 42ರಲ್ಲಿ. ಮರಳುವ ವಿಷಯ ಮೂಲ ಶ್ರುತಿಯಲ್ಲಿಯೇ ಬರಬೇಕೆಂಬ ನಿಯಮ ನನಗೆ ಬಾಯಿಪಾಠವಾಗಿತ್ತು. 42ರಲ್ಲಿ ನನ್ನ ಪೆನ್ಸಿಲ್ ಎಫ್ ಮೇಜರ್ ಎಂದಿದ್ದರಿಂದ ಅದನ್ನೂ, ಜಿ ಮೈನರ್‌ನಲ್ಲಿ 29ರಿಂದ ಆರಂಭವಾಗುವ ನಡುವಿನ ಡೆವಲಪ್‌ಮೆಂಟ್‌ಗೇ (ವಿಷಯವನ್ನು ಬೆಳೆಸುವ ಭಾಗಕ್ಕೇ) ಸೇರಿಸಿಬಿಟ್ಟೆ. 59ರಲ್ಲಿ ಎರಡನೆಯ ವಿಷಯವು ಸಿ ಮೇಜರ್‌ನಲ್ಲಿ ಕೇಳಿದ್ದೇ ತಡ, ಮನೆಗೆ ಬಂದೆವೆಂದುಕೊಂಡೆ. 42ರಲ್ಲಿ ಬರುವುದು ಮೊದಲ ನಾಲ್ಕು ಬಾರ್‌ಗಳ ರಾಗವೇ ಎಂಬುದನ್ನು ಕಿವಿಗೊಟ್ಟು ಕೇಳಿಯೇ ಇರಲಿಲ್ಲ.

ಫಲಿತಾಂಶ ಬಂದ ಮೇಲೆ ಒಂದು ಸಂಜೆ ಅದನ್ನೇ ನುಡಿಸುತ್ತಿದ್ದೆ. ಭಜನೆಯಲ್ಲಿ ಪೇಟಿ (ಹಾರ್ಮೋನಿಯಂ) ನುಡಿಸುವ ನಮ್ಮ ಕಾಕಾ ಪಕ್ಕದಲ್ಲಿದ್ದರು. ಪಾಶ್ಚಾತ್ಯ ಸಂಗೀತದ ಗಂಧವಿಲ್ಲದ ಅವರು 42ನೆಯ ಬಾರ್ ಬಂದೊಡನೆ, "ಮೊದ್ಲಿನ ಹಾಡೇ ಬಂತಲ್ಲೋ ತಮ್ಮಾ, ಮಧ್ಯಮದಾಗ ಹಿಡದಾರ ಅಷ್ಟ" ಎಂದರು. ಸಿ ಷಡ್ಜವಾದರೆ ಎಫ್ ಅದರ ಮಧ್ಯಮ. ಪರೀಕ್ಷೆ ಕೇಳಿದ್ದು ಅದನ್ನೇ.

ಆದ್ದರಿಂದ ಕಾರ್ಡ್ ಗುರುತಿಸುವ ಆ್ಯಪ್ ಯಾವುದೆಂಬ ನಿಮ್ಮ ಎರಡನೆಯ ಪ್ರಶ್ನೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಪೆನ್ಸಿಲ್ ಮುಟ್ಟದೆ ಕೃತಿಯನ್ನು ಗುನುಗುವಷ್ಟು ಕೇಳಿ, ಯಾವ ರಾಗ ಎಲ್ಲಿ ಮರಳುತ್ತದೆಂದು ಗುರುತು ಹಾಕಿ. ಅನಂತರ ಸಂಗೀತ ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಹುಡುಕಿ. ಇಲ್ಲಿ 12ನೆಯ ಬಾರ್ ಜಿ ಕಾರ್ಡ್ ಮೇಲೆ ನಿಂತು, 14ರಿಂದ ಎರಡನೆಯ ವಿಷಯ ಜಿ ಮೇಜರ್‌ನಲ್ಲಿ ಹೊರಡುತ್ತದೆ. ಕಾರ್ಡ್ ಹೆಸರು ಕೊನೆಗೆ. ಅದರಲ್ಲಿಯೂ ಎಡಗೈಯ ಸಿ-ಜಿ-ಇ-ಜಿ ಒಡೆದು ನುಡಿಸಿದ ಒಂದೇ ಕಾರ್ಡ್ ಆಗಿರುವುದರಿಂದ ಪ್ರತಿ ಸ್ವರಕ್ಕೂ ಹೆಸರಿಡುವ ಅಗತ್ಯವಿಲ್ಲ.

ನಿಜವಾಗಿ ಕಾರ್ಡ್ ಬರೆಯಬೇಕಾದದ್ದು 46ರಿಂದ 58ರವರೆಗೆ. ಮೊದಲ ಸಲ ಎರಡನೆಯ ವಿಷಯಕ್ಕೆ ಮುನ್ನ 13 ಬಾರ್‌ಗಳಿದ್ದವು, ಈ ಸಲ 17 ಇವೆ. ಬಲಗೈಯಲ್ಲಿದ್ದ ಸ್ವರಗಳ ಓಟ ಎಡಗೈಗೂ ಇಳಿಯುವ ಆ ಹೆಚ್ಚಿನ ನಾಲ್ಕು ಬಾರ್‌ಗಳಲ್ಲಿಯೇ ಮೊಝಾರ್ಟ್ ಎಫ್‌ನಿಂದ ಸಿ ಕಡೆಗೆ ದಾರಿ ತಿರುಗಿಸಿಕೊಂಡಿದ್ದಾನೆ.